ಬಚ್ಚಲುಮನೆಯ ಕಿಟಕಿಗೆ ಹೊಡೆದ ಹಲಗೆ

ನವೆಂಬರ್ 3

ಮಾನ್ಯ ಮೇಡಂ ಅವರಿಗೆ,

ಕ್ಷೇಮವೆಂದು ಬರೆದು ಶುರುಮಾಡೋಣವೆಂದರೆ ನಿಮ್ಮ ಬಚ್ಚಲುಮನೆಯ ಗೋಡೆ ಬಿಡುತ್ತಿಲ್ಲ. ನಾವು ಅಕ್ಕತಂಗಿ ನಿಮ್ಮ ಕೆಳಗಿನ ಮನೆಗೆ ಬಾಡಿಗೆಗೆ ಬಂದು ಮೂರು ತಿಂಗಳಾಯಿತು. ಅಷ್ಟರಲ್ಲೇ ಬಚ್ಚಲ ಚಾವಣಿಯ ಮೇಲೆ ಕಪ್ಪು ಬೂಷ್ಟು ಹಬ್ಬಿಕೊಂಡಿದೆ. ಒರೆಸಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಬರುತ್ತದೆ.

"ಫೋನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರಲ್ಲ, ಏನಿದ್ರೂ ಕಾಗದದಲ್ಲಿ ಬರೆದು ಹಾಕಿ" ಎಂದು ಕೀಲಿ ಕೊಡುವಾಗ ಹೇಳಿದ್ದಿರಿ. ಅದಕ್ಕೇ ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಡ್ರೈವರ್ ಟೀ ಕುಡಿದು ಬರುವಷ್ಟರಲ್ಲಿ, ಟಿಕೆಟ್ ಚೀಲದ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಂಡಕ್ಟರ್ ಕೈಯೆಂದು ಕ್ಷಮಿಸಿ.

ಬಚ್ಚಲಿಗೆ ಇರುವುದು ಒಂದೇ ಕಿಟಕಿ. ಅದಕ್ಕೆ ಯಾರೋ ಒಳಗಿನಿಂದ ದಪ್ಪ ಹಲಗೆ ಹೊಡೆದಿದ್ದಾರೆ. ಹದಿನಾರು ಮೊಳೆ, ಎಣಿಸಿದ್ದೇನೆ. ಅಡುಗೆಮನೆಯ ಫ್ಯಾನು ಗರಗರ ಎನ್ನುತ್ತದೆ, ಹೊಗೆ ಮಾತ್ರ ಅಲ್ಲೇ ನಿಂತಿರುತ್ತದೆ. ಒಂದು ಬಸ್ ಟಿಕೆಟ್ ಹರಿದು ಅದರ ಜಾಲರಿಗೆ ಹಿಡಿದೆ. ಗಾಳಿ ಎಳೆಯುವ ಫ್ಯಾನಾದರೆ ಟಿಕೆಟ್ ಅಂಟಿಕೊಳ್ಳಬೇಕು. ಇದು ಕೆಳಗೆ ಬಿತ್ತು. ಹೊರಗೆ ಹೋಗಿ ನೋಡಿದರೆ ಫ್ಯಾನಿನ ಬಾಯಿಗೆ ತಗಡು ಬಡಿದಿದ್ದಾರೆ.

ಬಿಸಿನೀರಿಗೆ ಮಾತ್ರ ಕೊರತೆಯಿಲ್ಲ. ಬಚ್ಚಲೊಳಗಿನ ಗ್ಯಾಸ್ ಗೀಸರ್ ಹಳೆಯದಾದರೂ ಚೆನ್ನಾಗಿ ಕಾಯುತ್ತದೆ. ಹಲಗೆ, ತಗಡು ಎರಡನ್ನೂ ತೆಗೆಯಲು ಅಪ್ಪಣೆ ಕೊಡಿ. ನಿಮ್ಮ ಕರಾರಿನ ಹನ್ನೊಂದನೇ ಕಲಮಿನ ಪ್ರಕಾರ ನಾವು ಒಂದು ಮೊಳೆಯನ್ನೂ ಕೀಳುವಂತಿಲ್ಲವಲ್ಲ.

ಇತಿ,
ಕೆಳಮನೆಯ ಕಂಡಕ್ಟರ್


ನವೆಂಬರ್ 9

ಕಂಡಕ್ಟರ್ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ಮೊಳೆ ಎಣಿಸುವಷ್ಟು ಪುರುಸೊತ್ತು ಇರುವವರು ಗೋಡೆಯನ್ನು ದಿನಕ್ಕೊಮ್ಮೆ ಒರೆಸಿಕೊಂಡರೆ ಬೂಷ್ಟು ಬರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆ ಹಲಗೆ ಹೊಡೆಸಿದ್ದು ನಾನೇ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ನಮ್ಮ ಮನೆಯ ಹಿಂದುಗಡೆ ನಾಲ್ಕು ಅಂತಸ್ತಿನ ಕಟ್ಟಡ ಎದ್ದಮೇಲೆ ಅದರ ತಾರಸಿಯ ಮೇಲೆ ಗಂಡುಹುಡುಗರು ನಿಲ್ಲತೊಡಗಿದರು. ಅವರ ಕಣ್ಣು ಎಲ್ಲಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ವಾರ ಬಚ್ಚಲಿಗೆ ಹಲಗೆ, ಅಡುಗೆಮನೆಗೆ ತಗಡು. ಗಾಳಿಯಿಲ್ಲದೆ ಸತ್ತವರನ್ನು ನಾನು ನೋಡಿಲ್ಲ, ಮಾನ ಹೋಗಿ ಸತ್ತವರನ್ನು ನೋಡಿದ್ದೇನೆ.

ನಿಮಗಿಂತ ಮುಂಚೆ ಇದ್ದ ಟೈಪಿಸ್ಟ್ ಹುಡುಗಿಯೂ ಹೀಗೇ, ಕಿಟಕಿ ತೆಗೆಯಿರಿ ಕಿಟಕಿ ತೆಗೆಯಿರಿ ಎಂದು ಪ್ರಾಣ ತಿನ್ನುತ್ತಿದ್ದಳು. ಅವಳಿಗೆ ಕಿಟಕಿ ಏಕೆ ಬೇಕಿತ್ತೆಂದು ಆಮೇಲೆ ತಿಳಿಯಿತು. ಹೋದ ಫೆಬ್ರವರಿಯಲ್ಲಿ ಅವಳನ್ನು ಅವಳ ಅಪ್ಪನ ಮನೆಗೆ ಸಾಗಹಾಕಿದೆ.

ಈಗ ನಾನು ಕೇಳುವುದಕ್ಕೆ ಉತ್ತರ ಕೊಡಿ. ಒದ್ದೆ ಬಟ್ಟೆ ಒಳಗೇ ಒಣಗಿಸುತ್ತೀರಾ? ಸ್ನಾನ ಮಾಡುವವರು ಇಬ್ಬರೇನಾ, ಇನ್ನೂ ಯಾರಾದರೂ ಇದ್ದಾರಾ? ಕಾಲು ಮುರಿದುಕೊಂಡ ನನ್ನ ತಂಗಿಯನ್ನು ನೋಡಿಕೊಳ್ಳಲು ನಾನು ಇಷ್ಟು ದೂರದ ಊರಿಗೆ ಬಂದಿದ್ದೇನೆ ನಿಜ, ಆದರೆ ಎದುರಿನ ಗುಂಡಿ-ದಾರದ ಅಂಗಡಿಯಾಕೆ ವಾರಕ್ಕೊಂದು ಕಾಗದ ಹಾಕುತ್ತಾಳೆ. ನೆನಪಿರಲಿ.

ಮನೆ ಮಾಲೀಕಳು


ನವೆಂಬರ್ 14

ಮೇಡಂ ಅವರಿಗೆ,

ಗುಂಡಿ ಅಂಗಡಿಯಾಕೆ ಗಿರಾಕಿಗಿಂತ ನಮ್ಮ ಬಾಗಿಲನ್ನೇ ಹೆಚ್ಚು ನೋಡುವುದೇಕೆಂದು ಈಗ ಗೊತ್ತಾಯಿತು. ಒಂದು ಡಜನ್ ಗುಂಡಿ ಕೇಳಿದರೆ ಹತ್ತು ಕೊಡುವವರು ನಿಮಗೆ ಕೊಡುವ ಸುದ್ದಿಯಲ್ಲಿ ಎಷ್ಟು ಸೇರಿಸುತ್ತಾರೋ.

ಬಟ್ಟೆ ಹಿತ್ತಲಲ್ಲಿ ಒಣಗುತ್ತದೆ. ಮನೆಯಲ್ಲಿ ನಾವಿಬ್ಬರೇ. ನನ್ನದು ಬೆಳಗಿನ ಪಾಳಿ, ತಣ್ಣೀರಲ್ಲಿ ನಾಲ್ಕು ಚೊಂಬು ಹೊಯ್ದುಕೊಂಡು ಓಡುವವಳು. ತಂಗಿಗೆ ಮೊಣಕಾಲುದ್ದ ಕೂದಲು, ಬಿಸಿನೀರು ಬೇಕು, ಅರ್ಧ ಗಂಟೆ ಬೇಕು. ಹತ್ತು ಗಂಟೆಗೆ ಅವಳು ಕನ್ನಡಕದ ಅಂಗಡಿಯಲ್ಲಿರಬೇಕು.

ನಗರಸಭೆಯಲ್ಲಿ ಬಾಡಿಗೆ ಮನೆಗಳ ನಿಯಮದ ಚೀಟಿ ಸಿಕ್ಕಿತು, ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅಡುಗೆಮನೆ, ಬಚ್ಚಲು ಎರಡಕ್ಕೂ ಹೊರಗೆ ತೆರೆಯುವ ಕಿಟಕಿ ಇರಬೇಕು, ಇಲ್ಲವೇ ಗಾಳಿಯನ್ನು ಕೊಳವೆಯಲ್ಲಿ ಮನೆಯ ಹೊರಕ್ಕೆ ಹಾಕುವ ಫ್ಯಾನು ಇರಬೇಕು. ಹೊರಗಿನವರಿಗೆ ಕಾಣಬಾರದೆಂದರೆ ಗಾಳಿಯಾಡುವಂಥ ಮಬ್ಬು ಗಾಜಿನ ಓರೆಪಟ್ಟಿ ಹಾಕಬಹುದೆಂದೂ ಅದರಲ್ಲೇ ಇದೆ. ಓದಿದ ಮೇಲೂ ನೀವು ಬೇಡವೆಂದರೆ, ನಮ್ಮನ್ನು ಬೇಸರಪಡಿಸಿ ಬಿಡಿಸುವ ಹುನ್ನಾರವೆಂದೇ ತಿಳಿಯಬೇಕಾಗುತ್ತದೆ. ಟಿಕೆಟ್ ತೆಗೆದುಕೊಳ್ಳದವನು ಕಿಟಕಿಯಾಚೆ ನೋಡುವ ರೀತಿ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಕಾಗದವೂ ಹಾಗೇ ಬೇರೆ ಕಡೆ ನೋಡುತ್ತಿದೆ.

ತಂಗಿಗೆ ಸ್ವಲ್ಪ ಶೀತ. ಮತ್ತೇನೂ ವಿಶೇಷವಿಲ್ಲ.

ಕಂಡಕ್ಟರ್


ನವೆಂಬರ್ 20

ಕಂಡಕ್ಟರ್ ಅವರಿಗೆ,

ಸ್ವಲ್ಪ ಶೀತವೆಂದು ಬರೆದಿದ್ದೀರಿ. ಗುಂಡಿ ಅಂಗಡಿಯಾಕೆ ಬರೆದಿರುವುದು ಬೇರೆ. ಎರಡು ದಿನ ಬೆಳಗ್ಗೆ ನಿಮ್ಮ ತಂಗಿ ಹಿತ್ತಲಲ್ಲಿ ಗೋಡೆ ಹಿಡಿದುಕೊಂಡು ವಾಂತಿ ಮಾಡಿದ್ದಾಳೆ. ಹೋದ ಗುರುವಾರ ಹನ್ನೊಂದು ಗಂಟೆಗೆ ಒಬ್ಬ ಗಂಡಸು ಅವಳನ್ನು ಸ್ಕೂಟರಿನಲ್ಲಿ ತಂದು ಇಳಿಸಿದ್ದಾನೆ. ನಿಲ್ಲಲಾರದೆ ಅವನ ಭುಜ ಹಿಡಿದಿದ್ದಳಂತೆ. ನೀವು ಆಗ ಬಸ್ಸಿನಲ್ಲಿದ್ದಿರಿ.

ಹುಡುಗಿಯರಿಗೆ ಬೆಳಗಿನ ಹೊತ್ತು ವಾಂತಿ ತರಿಸುವ ಶೀತ ಯಾವುದೆಂದು ನನಗೆ ತಿಳಿಯದೇ? ತಲೆಸುತ್ತು, ಊಟ ಬೇಡ, ಸುಮ್ಮನೆ ಮಲಗುವುದು, ಕೇಳಿದರೆ ಸಿಡುಕುವುದು. ಹಾಸ್ಟೆಲಿನಲ್ಲಿ ಇದನ್ನು ಅಡಗಿಸಿಡಲು ನೋಡಿದವರು ಒಬ್ಬಿಬ್ಬರಲ್ಲ. ಅವರ ತಾಯಂದಿರಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಅಕ್ಕನಾದವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ನೇರವಾಗಿ ಕೇಳಬೇಡಿ, ಕೇಳಿದರೆ ಸುಳ್ಳು ಹೇಳುತ್ತಾರೆ. ಕೈಚೀಲ ನೋಡಿ. ದಿನ ಎಣಿಸಿ. ಏನಾದರೂ ನೆಪ ಹೇಳಿ ಹೆಣ್ಣು ಡಾಕ್ಟರ ಬಳಿ ಕರೆದುಕೊಂಡು ಹೋಗಿ. ನನ್ನ ಅನುಮಾನ ನಿಜವಾದರೆ ಡಿಸೆಂಬರ್ ಕೊನೆಗೆ ಮನೆ ಖಾಲಿ ಮಾಡಬೇಕು. ಈ ಕಾಗದವನ್ನೇ ನೋಟಿಸೆಂದು ತಿಳಿಯಿರಿ.

ಮನೆ ಮಾಲೀಕಳು


ನವೆಂಬರ್ 23

ಮೇಡಂ,

ನನ್ನ ತಂಗಿಯ ವಿಷಯ ಎತ್ತಬೇಡಿ. ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ. ನಾನು ಸಾಕಿದ ಹುಡುಗಿ ಅವಳು. ಸ್ಕೂಟರಿನಲ್ಲಿ ತಂದು ಬಿಟ್ಟವರು ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವವರು, ಐವತ್ತು ದಾಟಿದ ಮನುಷ್ಯ. ಅವಳು ಕೌಂಟರ್ ಹಿಂದೆ ಕುಸಿದು ಬಿದ್ದಳೆಂದು ಕರೆತಂದರು. ತಿಂಡಿ ತಿನ್ನದೆ ಹೋಗಿದ್ದಳು, ಅಷ್ಟೇ.

ಕಿಟಕಿ ತೆಗೆಯಲು ಬಿಡುತ್ತೀರೋ ಇಲ್ಲವೋ? ಒಂದೇ ಸಾಲಿನಲ್ಲಿ ಬರೆಯಿರಿ.

ಇನ್ನೊಂದು ಮಾತು. ಇದು ಸುಮ್ಮನೆ ಕೇಳುತ್ತಿರುವುದು. ಆ ಟೈಪಿಸ್ಟ್ ಹುಡುಗಿಗೆ ಏನೇನು ಆಗುತ್ತಿತ್ತು? ಎಷ್ಟು ದಿನದಿಂದ ಆಗುತ್ತಿತ್ತು? ನಿಮಗೆ ಹೇಗೆ ಖಾತ್ರಿಯಾಯಿತು?

ಕಂಡಕ್ಟರ್


ನವೆಂಬರ್ 28

ಕಂಡಕ್ಟರಮ್ಮನಿಗೆ,

ಸುಮ್ಮನೆ ಕೇಳುತ್ತಿರುವುದು ಎಂದು ಬರೆದವರು ಯಾರೂ ಸುಮ್ಮನೆ ಕೇಳಿರುವುದಿಲ್ಲ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಸಾಕಿದವರಿಗೆ ನಂಬಲು ಕಷ್ಟ.

ಬಂದಾಗ ಆ ಹುಡುಗಿ ಗುಂಡುಕಲ್ಲಿನ ಹಾಗಿದ್ದಳು. ಮದುವೆಯೂ ಗೊತ್ತಾಗಿತ್ತು. ಚಳಿ ಶುರುವಾದ ಮೇಲೆ ಬೆಳಗ್ಗೆ ತಲೆನೋವು ಎನ್ನತೊಡಗಿದಳು. ಸ್ನಾನ ಮುಗಿಸಿ ಬಂದರೆ ಮುಖ ಕೆಂಪು ಕೆಂಪಾಗಿರುತ್ತಿತ್ತು. ಅತ್ತಿದ್ದಾಳೆ ಎಂದುಕೊಂಡೆ. ವಾಂತಿ, ಎದೆ ಹೊಡೆದುಕೊಳ್ಳುವುದು. ಒಂದು ದಿನ ಬಚ್ಚಲ ಬಾಗಿಲಲ್ಲೇ ಬಿದ್ದಳು. ಆಗ ನಾನು ಮೇಲಿನ ಮನೆಯಲ್ಲೇ ಇದ್ದೆ, ನಾನೇ ಹಿತ್ತಲಿಗೆ ಎಳೆದು ಕೂರಿಸಿದೆ. ಅರ್ಧ ಗಂಟೆಯಲ್ಲಿ ಎದ್ದು ನಿಂತು "ಏನಿಲ್ಲ ಮೇಡಂ, ಸರಿಹೋಯ್ತು" ಎಂದಳು. ನಿಜವಾದ ಕಾಯಿಲೆ ಅರ್ಧ ಗಂಟೆಯಲ್ಲಿ ಹೋಗುತ್ತದೆಯೇ?

ಖಾತ್ರಿಯಾದದ್ದು ಹೇಗೆಂದು ಕೇಳಿದಿರಿ. ಊರಿಗೆ ಹೋಗಿ ನಾಲ್ಕು ದಿನ ಇದ್ದಳು, ನಾಲ್ಕು ದಿನವೂ ಹುಷಾರು. ಆ ಮನೆಗೆ ವಾಪಸು ಬಂದ ಮರುದಿನವೇ ಮತ್ತೆ ಶುರು. ಅಂದಮೇಲೆ ಕಾಯಿಲೆ ಇರುವುದು ಅಲ್ಲೇ, ಅದಕ್ಕೆ ಕಾರಣನಾದವನು ಇರುವುದೂ ಅಲ್ಲೇ ಎಂದಾಯಿತಲ್ಲ. ಕಿಟಕಿ ಯಾರಿಗಾಗಿ ಬೇಕಿತ್ತೆಂದೂ ಆಗ ಹೊಳೆಯಿತು. ಅಂದೇ ಅವಳ ತಂದೆಗೆ ಎರಡು ಪುಟ ಬರೆದೆ. ಬಂದು ಕರೆದುಕೊಂಡು ಹೋದರು. ಹೋಗುವಾಗ ಆ ಹುಡುಗಿ ನನ್ನ ಮುಖವನ್ನೂ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ.

ನಾನು ಹೇಳಿದಂತೆ ಮಾಡಿ. ತಡಮಾಡಬೇಡಿ. ಕಿಟಕಿಯ ಮಾತು ಆಮೇಲೆ.

ಮನೆ ಮಾಲೀಕಳು


ಡಿಸೆಂಬರ್ 12

ಮೇಡಂ,

ಎರಡು ವಾರ ಬರೆಯಲಿಲ್ಲ. ನಿಮ್ಮ ಮಾತು ಕಟ್ಟಿಕೊಂಡು ನಾನು ಏನೇನು ಮಾಡಿದೆ ಎಂಬುದನ್ನು ಬರೆಯಲು ಕೈ ಬರುವುದಿಲ್ಲ. ಅದು ಬಿಟ್ಟು ಮಿಕ್ಕದ್ದನ್ನು ಬರೆಯುತ್ತೇನೆ.

ಏಳನೇ ತಾರೀಖು ನನಗೆ ವಾರದ ರಜೆ. ಒಂಬತ್ತು ಗಂಟೆಗೆ ತಂಗಿ ಸ್ನಾನಕ್ಕೆ ಹೋದಳು. ಗೀಸರ್ ಉರಿಯುವ ಸದ್ದು, ನೀರು ಬೀಳುವ ಸದ್ದು. ಇಪ್ಪತ್ತು ನಿಮಿಷವಾಯಿತು. ನೀರಿನ ಸದ್ದು ಒಂದೇ ಸಮ ಬರುತ್ತಿತ್ತು. ಚೊಂಬಿನ ಸದ್ದಿಲ್ಲ, ಕೆಮ್ಮಿಲ್ಲ. ಬೇರೆ ಯಾರೇ ಆಗಿದ್ದರೂ ಅಷ್ಟು ಹೊತ್ತಿಗೆ ಬಾಗಿಲು ಬಡಿಯುತ್ತಿದ್ದರು. ನಾನು ಬಡಿಯಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಒಳಗೆ ಫೋನಿನಲ್ಲಿ ಯಾರ ಜೊತೆಯಾದರೂ ಪಿಸುಗುಡುತ್ತಿದ್ದಾಳಾ, ಅಳುತ್ತಿದ್ದಾಳಾ, ಏನನ್ನಾದರೂ ನುಂಗುತ್ತಿದ್ದಾಳಾ ಎಂದು ಕೇಳಿಸಿಕೊಳ್ಳುತ್ತಿದ್ದೆ. ಚೆಕಿಂಗ್ ಇನ್‌ಸ್ಪೆಕ್ಟರ್ ಹಿಂಬಾಗಿಲಿಂದ ಹತ್ತುವ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಮೂರು ನಿಮಿಷವಿರಬಹುದು, ಐದಿರಬಹುದು. ಆ ಲೆಕ್ಕ ನನ್ನನ್ನು ಬಿಡುತ್ತಿಲ್ಲ.

ಆಮೇಲೆ ಕೂಗಿದೆ. ಉತ್ತರವಿಲ್ಲ. ಒದ್ದು ಚಿಲಕ ಮುರಿದೆ. ನೆಲದ ಮೇಲೆ ಬಿದ್ದಿದ್ದಳು. ಬಾಯಿ ತೆರೆದಿತ್ತು, ಕೆನ್ನೆ ಬಣ್ಣ ಹಚ್ಚಿದ ಹಾಗೆ ಕೆಂಪಗಿತ್ತು. ಟವಲು ಸುತ್ತಿ ಹಿತ್ತಲಿಗೆ ಎಳೆದುಕೊಂಡು ಬಂದೆ. ಓಡಿಬಂದು ಆಂಬುಲೆನ್ಸಿಗೆ ಫೋನು ಮಾಡಿದವರು ನಿಮ್ಮ ಗುಂಡಿ ಅಂಗಡಿಯಾಕೆಯೇ. ಆಸ್ಪತ್ರೆಯಲ್ಲಿ ಆರು ಗಂಟೆ ಆಕ್ಸಿಜನ್ ಕೊಟ್ಟರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಎಂದು ಡಾಕ್ಟರ್ ಶುರುಮಾಡಿ, ನನ್ನ ಮುಖ ನೋಡಿ ಚೀಟಿ ಬರೆಯತೊಡಗಿದರು.

ನಮ್ಮ ಡಿಪೋದಲ್ಲಿ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಗ್ರೀಸ್ ಮಾಮ ಎನ್ನುತ್ತೇವೆ. ವಿಷಯ ಕೇಳಿದ ಕೂಡಲೇ ಸ್ಪ್ಯಾನರ್ ಹಿಡಿದುಕೊಂಡು ಮನೆಗೆ ಬಂದರು. ಗೀಸರ್ ನೋಡಿದರು, ಹಲಗೆ ನೋಡಿದರು, ತಲೆ ಚಚ್ಚಿಕೊಂಡರು.

"ಶೆಡ್ ಬಾಗಿಲು ಹಾಕ್ಕೊಂಡು ಇಂಜಿನ್ ಓಡಿಸಬೇಡಿ ಅಂತ ನಾನು ಹೊಸಬರಿಗೆಲ್ಲ ಬಡ್ಕೋತೀನಲ್ಲ, ಯಾಕೆ ಗೊತ್ತಾ? ಗಾಳಿ ಸಾಲದೆ ಉರಿದರೆ ವಿಷದ ಗಾಳಿ ಬರುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ. ಹೊರಗೆ ಬಂದ್ರೆ ಸರಿಹೋಗುತ್ತೆ. ಬರದಿದ್ರೆ ಮುಗೀತು. ಇಂಥಾ ಗೂಡೊಳಗೆ ಗ್ಯಾಸ್ ಗೀಸರ್ ಇಟ್ಟವರು ಯಾರಮ್ಮ?"

ಹದಿನಾರು ಮೊಳೆಯನ್ನೂ ಅವರೇ ಕಿತ್ತರು. ಹನ್ನೊಂದನೇ ಕಲಮು ಮುರಿದಿದ್ದೇನೆ, ಬೇಕಾದ ಕ್ರಮ ತೆಗೆದುಕೊಳ್ಳಿ.

ನಿಮ್ಮ ನವೆಂಬರ್ 28ರ ಕಾಗದವನ್ನು ಗ್ರೀಸ್ ಮಾಮನಿಗೆ ಓದಿ ಹೇಳಿದೆ. ಅರ್ಧಕ್ಕೇ ತಡೆದರು. "ಆ ಹುಡುಗಿಗೂ ಇದೇ ಆಗಿರೋದು. ಪಾಪ, ಅವಳು ಈಗ ಎಲ್ಲಿದ್ದಾಳೆ?" ಎಂದರು. ಸ್ನಾನವಾದ ಮೇಲೆ ತಲೆನೋವು, ಕೆಂಪು ಮುಖ, ಹಿತ್ತಲಿಗೆ ಬಂದರೆ ಅರ್ಧ ಗಂಟೆಯಲ್ಲಿ ಹುಷಾರು, ಊರಿಗೆ ಹೋದರೆ ಪೂರ್ತಿ ಹುಷಾರು. ನೀವು ಬರೆದದ್ದರಲ್ಲಿ ಒಂದೂ ಸುಳ್ಳಲ್ಲ ಮೇಡಂ. ಆ ಕಾಗದವನ್ನು ಇದರ ಜೊತೆ ವಾಪಸು ಇಟ್ಟಿದ್ದೇನೆ. ನೀವೇ ಇನ್ನೊಮ್ಮೆ ಓದಿ.

ಕಂಡಕ್ಟರ್


ಡಿಸೆಂಬರ್ 17

ಕಂಡಕ್ಟರಮ್ಮನಿಗೆ,

ಗೀಸರನ್ನು ಯಾರೂ ಮುಟ್ಟಬೇಡಿ. ಅದನ್ನು ಕಿತ್ತು ಹಿತ್ತಲ ಗೋಡೆಯ ಹೊರಗೆ ಹೊಸದನ್ನು ಹಾಕಲು ಕೆಲಸದವರಿಗೆ ಬರೆದಿದ್ದೇನೆ. ಕಿಟಕಿಗೆ ಮಬ್ಬು ಗಾಜಿನ ಓರೆಪಟ್ಟಿ, ಅಡುಗೆಮನೆಯ ಫ್ಯಾನಿಗೆ ಹೊರಕ್ಕೆ ಕೊಳವೆ. ನಗರಸಭೆಯ ಚೀಟಿಯಲ್ಲಿರುವಂತೆ ಎಲ್ಲವೂ ಆಗಲಿ. ಸಹಿ ಹಾಕಿದ ಅಪ್ಪಣೆ ಜೊತೆಗಿದೆ. ನೋಟಿಸು ರದ್ದು.

ನಿಮ್ಮ ತಂಗಿ ಈಗ ಹೇಗಿದ್ದಾಳೆ? ಊಟ ಮಾಡುತ್ತಾಳಾ? ಇದನ್ನು ಮೊದಲ ಸಾಲಿನಲ್ಲಿ ಕೇಳಬೇಕಿತ್ತು.

ನನ್ನದೇ ಕಾಗದವನ್ನು ಮತ್ತೆ ಓದಿದೆ. ಒಮ್ಮೆಯಲ್ಲ. ಅದರ ಬಗ್ಗೆ ಈಗ ಏನೂ ಬರೆಯಲಾರೆ.

ಒಂದು ಉಪಕಾರ ಮಾಡಬೇಕು. ಆ ಹುಡುಗಿಯ ಊರು ನಿಮ್ಮ ಬಸ್ಸಿನ ಕೊನೆಯ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಒಂದು ಲಕೋಟೆ ಕಳಿಸುತ್ತೇನೆ, ಅವಳ ಕೈಗೇ ಕೊಟ್ಟು ಬರುತ್ತೀರಾ? ಅಂಚೆಯಲ್ಲಿ ಹಾಕಿದರೆ ನನ್ನ ಅಕ್ಷರ ನೋಡಿದವರೇ ಹರಿದು ಹಾಕಬಹುದು.

ಮನೆ ಮಾಲೀಕಳು


ಡಿಸೆಂಬರ್ 22

ಮೇಡಂ ಅವರಿಗೆ,

ತಂಗಿ ಎದ್ದು ಓಡಾಡುತ್ತಿದ್ದಾಳೆ. ಅಂಗಡಿಗೂ ಹೋಗುತ್ತಿದ್ದಾಳೆ. ನನ್ನ ಜೊತೆ ಮಾತು ಮಾತ್ರ ಕಡಿಮೆ. ಕೆಲಸದವರು ನಿನ್ನೆ ಬಂದು ಅಳತೆ ತೆಗೆದುಕೊಂಡು ಹೋದರು.

ಲಕೋಟೆಯ ಕೆಲಸ ನನ್ನಿಂದಾಗುವುದಿಲ್ಲ. ಬೇರೆಯವರಿಗೆ ಟಿಕೆಟ್ ಕೊಡುವುದು ನನ್ನ ಕೆಲಸ, ಬೇರೆಯವರ ಬದಲು ಇಳಿಯುವುದಲ್ಲ. ನಿಮ್ಮನ್ನು ನಂಬುವುದೂ ನನಗಿನ್ನೂ ಕಷ್ಟ. ಲಕೋಟೆಯಲ್ಲಿ ಏನು ಬರೆದಿರುತ್ತೀರೋ ಯಾರಿಗೆ ಗೊತ್ತು? 'ನನಗೆ ತಿಳಿಯಲಿಲ್ಲ, ಗೀಸರಿನ ತಪ್ಪು' ಎಂದು ಬರೆದು ಕೈತೊಳೆದುಕೊಂಡರೆ? ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಕಾಗದಗಳನ್ನು ಡಿಪೋದಲ್ಲಿ ಬೇಕಾದಷ್ಟು ನೋಡಿದ್ದೇನೆ.

ನಮ್ಮಲ್ಲಿಂದ ಏಳು ನಲವತ್ತಕ್ಕೆ ಆ ಕಡೆಗೆ ನನ್ನದೇ ಬಸ್ಸಿದೆ. ನಿಮ್ಮ ಊರಿನಿಂದ ಬಂದು ಬದಲಾಯಿಸಬೇಕು. ಮುಂದಿನ ಎರಡು ಸೀಟು ಹಿರಿಯರಿಗೇ ಮೀಸಲು, ಯಾರಾದರೂ ಕೂತಿದ್ದರೆ ಎಬ್ಬಿಸುವ ಜವಾಬ್ದಾರಿ ಕಂಡಕ್ಟರದ್ದು.

ಕಂಡಕ್ಟರ್


ಜನವರಿ 6

ಕಂಡಕ್ಟರಮ್ಮನಿಗೆ,

ಹೋಗಿ ಬಂದೆ. ನಿಮ್ಮ ಬಸ್ಸು ಹತ್ತಲಿಲ್ಲ, ಹತ್ತೂವರೆಯದರಲ್ಲಿ ಹೋದೆ. ನನ್ನಲ್ಲಿದ್ದ ಧೈರ್ಯ ಒಂದು ಮನೆಗೆ ಸಾಲುವಷ್ಟೇ ಇತ್ತು, ದಾರಿಯಲ್ಲಿ ನಿಮಗೂ ಮುಖ ತೋರಿಸುವಷ್ಟಿರಲಿಲ್ಲ.

ಬಾಗಿಲು ತೆಗೆದವರು ಅವಳ ತಂದೆ. ನನ್ನನ್ನು ನೋಡಿ ಗೌರವದಿಂದ ಕುರ್ಚಿ ಹಾಕಿದರು. ಆ ಗೌರವವೇ ನನ್ನನ್ನು ಅರ್ಧ ಕೊಂದಿತು. ಹುಡುಗಿ ಮುಂದಿನ ಕೋಣೆಯಲ್ಲೇ ಟೈಪ್ ಮಾಡುತ್ತಿದ್ದಳು. ಈಗ ಮನೆಯಲ್ಲೇ ಕೂತು ವಕೀಲರ ಕಾಗದಗಳನ್ನು ಟೈಪ್ ಮಾಡಿಕೊಡುತ್ತಾಳೆ. ಮದುವೆ ಮುರಿದಿದೆ. ಅಪ್ಪ ಮಗಳು ಮಾತಾಡಿ ಹನ್ನೊಂದು ತಿಂಗಳಾಯಿತಂತೆ.

ಗೀಸರು, ಹಲಗೆ, ನಿಮ್ಮ ತಂಗಿ, ಎಲ್ಲವನ್ನೂ ಹೇಳಿದೆ. ಗೀಸರಿನ ತಪ್ಪೆಂದು ಹೇಳಲಿಲ್ಲ. ಮುಚ್ಚಿಸಿದವಳು ನಾನು, ಬಿದ್ದದ್ದನ್ನು ಕಣ್ಣಾರೆ ಕಂಡವಳು ನಾನು, ಕಂಡದ್ದಕ್ಕೆ ಕೆಟ್ಟ ಅರ್ಥ ಕಟ್ಟಿದವಳೂ ನಾನು ಎಂದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಮೂವತ್ತೊಂದು ವರ್ಷ ಹುಡುಗಿಯರ ಕೈಲಿ ಬರೆಸಿದ್ದೆ. ನಾನೇ ಓದಿಕೊಂಡಿರಲಿಲ್ಲ.

ತಂದೆ ಗೋಡೆಗೊರಗಿ ನೆಲದ ಮೇಲೆ ಕೂತರು. ಆಮೇಲೆ ಹೇಳಿದರು: "ಇಲ್ಲಿಗೆ ಕರ್ಕೊಂಡು ಬಂದ ಮೇಲೆ ಡಾಕ್ಟರಿಗೆ ತೋರಿಸಿದ್ವಿ ಮೇಡಂ. ಅಂಥಾದ್ದೇನೂ ಇಲ್ಲ ಅಂದ್ರು. ಆದ್ರೆ ನೀವು ಅಷ್ಟು ವರ್ಷ ಹುಡುಗೀರನ್ನ ನೋಡಿದೋರು, ನೀವು ಸುಳ್ಳು ಬರೀತೀರಾ? ಬರೋಕೆ ಮುಂಚೆ ಎಲ್ಲೋ ತೆಗೆಸ್ಕೊಂಡು ಬಂದಿರ್ತಾಳೆ ಅಂದ್ಕೊಂಡ್ವಿ."

ಹೆತ್ತ ಅಪ್ಪ ಮಗಳ ಎದುರಿಗೇ ಈ ಮಾತು ಹೇಳಿದರು. ಅವಳು ಆಗ ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ತಲೆನೋವು ಅಂತ ನಿಮಗೆ ಎಷ್ಟು ಸಲ ಹೇಳಿದ್ದೆ ಮೇಡಂ. ತಲೆನೋವು ಯಾವುದರಿಂದ ಬಂತು ಅಂತ ನೀವು ಒಂದು ದಿನಾನೂ ಕೇಳಲಿಲ್ಲ. ಯಾರಿಂದ ಅಂತ ಮಾತ್ರ ನೋಡಿದ್ರಿ" ಎಂದಳು. ಕೂಗಲಿಲ್ಲ, ಅಳಲಿಲ್ಲ.

ತಪ್ಪಾಯಿತು ಎಂದೆ. ಅವಳು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು. ಮದುವೆಯಾಗಬೇಕಿದ್ದ ಮನೆಯವರಿಗೂ, ಅವಳು ಕೆಲಸ ಮಾಡುತ್ತಿದ್ದ ಕಚೇರಿಗೂ ಹೋಗಿ ಹೇಳುತ್ತೇನೆಂದೆ. "ಆ ಮನೆ ಬೇಡ. ಕಚೇರಿಗೆ ಹೋಗಿ ಹೇಳಿ" ಎಂದಳು. ಮರುದಿನ ಹೋಗಿ ಹೇಳಿದ್ದೇನೆ. ಅವರು ಅವಳನ್ನು ವಾಪಸು ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಇನ್ನೆರಡು ಸಲ ಹೋಗಬೇಕಾದರೂ ಹೋಗುತ್ತೇನೆ.

ನಿಮ್ಮ ತಂಗಿ ನಿಮ್ಮ ಜೊತೆ ಮಾತು ಕಡಿಮೆ ಮಾಡಿದ್ದಾಳೆ ಎಂದು ಬರೆದಿದ್ದಿರಿ. ನವೆಂಬರಿನಲ್ಲಿ ನಾನು ಕೊಟ್ಟ ಬುದ್ಧಿಯನ್ನು ನೀವು ಎಷ್ಟರಮಟ್ಟಿಗೆ ಕೇಳಿದಿರಿ ಎಂದು ವಿಚಾರಿಸುವ ಹಕ್ಕು ನನಗಿಲ್ಲ. ಕೇಳದೇ ಇದ್ದಿದ್ದರೆ ಸಾಕು ಎಂದು ದಿನವೂ ಅಂದುಕೊಳ್ಳುತ್ತಿದ್ದೇನೆ.

ನಿಮ್ಮ,
ವಾರ್ಡನ್ ಆಗಿದ್ದವಳು


ಜನವರಿ 11

ಮೇಡಂ ಅವರಿಗೆ ನಮಸ್ಕಾರಗಳು,

ಕೇಳಿದ್ದೆ ಮೇಡಂ. ಒಂದನ್ನೂ ಬಿಡದೆ ಕೇಳಿದ್ದೆ.

ಅವಳು ಮಲಗಿದ್ದಾಗ ಕೈಚೀಲ ಸುರಿದು ನೋಡಿದೆ. ಬಾಚಣಿಗೆ, ಕನ್ನಡಕ ಒರೆಸುವ ಬಟ್ಟೆ, ತಲೆನೋವಿನ ಮಾತ್ರೆಯ ಎರಡು ಖಾಲಿ ಹಾಳೆ ಇದ್ದವು. ಖಾಲಿ ಹಾಳೆ ಕಂಡರೂ ನಾನು ಹುಡುಕಿದ್ದು ಬೇರೆಯದನ್ನೇ. ಕ್ಯಾಲೆಂಡರ್ ಹಿಡಿದು ದಿನ ಎಣಿಸಿದೆ. ಡಿಪೋದಲ್ಲಿ ನೌಕರರ ಮನೆಯವರಿಗೆ ಪುಕ್ಕಟೆ ತಪಾಸಣೆ ಇದೆಯೆಂದು ಸುಳ್ಳು ಹೇಳಿ ಹೆಣ್ಣು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಏನೂ ಇಲ್ಲವೆಂದರು. ಅಷ್ಟು ಹೇಳಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಏಳನೇ ತಾರೀಖು ಬಾಗಿಲಿಗೆ ಕಿವಿ ಹಚ್ಚಿ ನಿಂತದ್ದು ಅದಾದ ನಾಲ್ಕೇ ದಿನಕ್ಕೆ. ನಿಮ್ಮ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ನೀವು ಬರೆದಿರಿ, ಕೈ ಹಾಕಿದವಳು ನಾನು.

ಇವತ್ತು ನಿಮ್ಮ ಕಾಗದ ಬಂದಾಗ ಅವಳು ಮನೆಯಲ್ಲೇ ಇದ್ದಳು. ಏನೂ ಹೇಳದೆ ಅವಳ ಮುಂದಿಟ್ಟು ಅಡುಗೆಮನೆಗೆ ಬಂದು ಕೂತೆ. ಹೊಸ ಫ್ಯಾನು ಓಡುತ್ತಿದ್ದರೂ ಹಾಳೆ ಮಗುಚುವ ಸದ್ದು ಕೇಳಿಸುತ್ತಿತ್ತು. ಎರಡು ಸಲ ಓದಿದಳು. ಆಮೇಲೆ ಅಲ್ಲಿಂದಲೇ ಕೇಳಿದಳು.

"ಅಕ್ಕ, ಡಿಪೋದಲ್ಲಿ ಕಂಡಕ್ಟರ್ ತಂಗೀರಿಗೆ ಯಾವಾಗಿಂದ ತಪಾಸಣೆ ಮಾಡ್ತಾರೆ ಅಂತ ನಾನು ಅವತ್ತೇ ಅಂದ್ಕೊಂಡೆ. ಆ ಡಾಕ್ಟರ್ ಏನು ಪರೀಕ್ಷೆ ಮಾಡಿದ್ರು ಅಂತ ನಂಗೆ ಗೊತ್ತಾಗಲ್ವಾ? ಮನೆಗೆ ಬರೋವಾಗ ಬಸ್ಸಲ್ಲಿ ನಿನ್ನ ಪಕ್ಕಾನೇ ಕೂತಿದ್ದೆ. ಈಗ ಹೇಳ್ತೀಯ, ಇನ್ನು ಸ್ವಲ್ಪ ಹೊತ್ತಿಗೆ ಹೇಳ್ತೀಯ ಅಂತ ಇಳಿಯೋವರೆಗೂ ಕಾದೆ."

ಬಸ್ಸಿನಲ್ಲಿ ಅರವತ್ತು ಜನರನ್ನು ಒಂದೇ ಕೂಗಿಗೆ ಒಳಗೆ ಸರಿಸುವವಳು, ಒಂದು ಹುಡುಗಿಗೆ ಉತ್ತರ ಕೊಡಲಾರದೆ ಈ ಹಾಳೆ ತೆಗೆದುಕೊಂಡು ನಿಮಗೆ ಬರೆಯುತ್ತಾ ಕೂತೆ. ನೋಡಿ, ಇದೂ ತಪ್ಪಿಸಿಕೊಳ್ಳುವುದೇ.

ಈಗ ಮತ್ತೆ ಕೂಗಿ ಹೇಳಿದಳು:

"ಆ ಮೇಡಂ ನಂಗೆ ಏನಾಗಬೇಕು, ಆ ಟೈಪಿಸ್ಟ್‌ಗೆ ಏನಾಗಬೇಕು? ಆದ್ರೂ ಈ ವಯಸ್ಸಲ್ಲಿ ಎರಡು ಬಸ್ಸು ಬದಲಾಯಿಸಿ ಹೋಗಿ ತಪ್ಪಾಯ್ತು ಅಂದ್ರು. ನೀನು ಅಡುಗೆಮನೆಯಿಂದ ಹಾಲ್‌ವರೆಗೂ ಬಂದಿಲ್ಲ."

ಅವಳು ಅಳುತ್ತಿದ್ದಾಳೆ ಮೇಡಂ. ಕಾಗದ ಇಲ್ಲಿಗೇ ಬಿಡುತ್ತೇನೆ. ನಾನು ಹೋಗಬೇಕು.